ಸಾಕು ಮಾಡು, ಕಡಲೇ! – ಬೇಸಿಗೆಯ ಒಂದು ಸಿನಿಮಾ ಪಾಠ

ಬೇಸಿಗೆ ರಜೆ ಬಂತೆಂದರೆ ನಿಮ್ಮಲ್ಲಿ ಹೆಚ್ಚಿನವರು ಊರಿಗೆ ಹೊರಡುತ್ತೀರಿ. ವಿಮಾನದ ಟಿಕೆಟ್ ದರ ನೋಡಿ ಕುವೈತ್‌ನಲ್ಲೇ ಉಳಿಯುವ ಮನೆಗಳೂ ಇವೆ, ನಮ್ಮದೂ ಅಂಥದೇ. ಹಾಗೆ ಉಳಿದ ಒಂದು ವರ್ಷ, ಇಲ್ಲಿನ ವಸ್ತುಸಂಗ್ರಹಾಲಯವೊಂದರಲ್ಲಿ ಸಂಜೆ ಸಿನಿಮಾ ತೋರಿಸಿ ಬಳಿಕ ಉಪನ್ಯಾಸ ಇಟ್ಟಿದ್ದಾರೆಂದು ತಿಳಿದು ಏಳೆಂಟು ಮಕ್ಕಳನ್ನು ಕರೆದುಕೊಂಡು ಹೋದೆ.

ಚಿತ್ರದ ಹೆಸರು 'ಬಸ್ ಯಾ ಬಹರ್'. 1972ರಲ್ಲಿ ಖಾಲಿದ್ ಅಲ್ ಸಿದ್ದಿಕ್ ನಿರ್ದೇಶಿಸಿದ ಇದು ಕುವೈತ್‌ನ ಮೊದಲ ಕಥಾಚಿತ್ರ. ಕಪ್ಪು ಬಿಳುಪು, ಅರಬ್ಬಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಅರ್ಧ ಗಂಟೆಯಲ್ಲಿ ಇಬ್ಬರು ನಿದ್ದೆ ಹೋದರು, ಒಬ್ಬ ಪಾಪ್‌ಕಾರ್ನ್ ಸಿಗುತ್ತದೆಯೇ ಎಂದು ಕೇಳಿದ. ತಪ್ಪು ಮಕ್ಕಳದಲ್ಲ, ನನ್ನದು. ಪಾಠಕ್ಕೆ ಮೊದಲು ಪೀಠಿಕೆ ಬೇಕೆಂದು ಬಿ.ಎಡ್.ನಲ್ಲಿ ಓದಿದ್ದು ಮರೆತೇಹೋಗಿತ್ತು!

ಮರುವಾರ ಅದೇ ಚಿತ್ರ ಮತ್ತೆ ಇತ್ತು. ಈ ಸಲ ಒಂದು ಗಂಟೆ ಮೊದಲೇ ಹೋಗಿ ಮಕ್ಕಳನ್ನು ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲಿಸಿದೆ. ಅಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪಿನಂಥ ಒಂದು ಪುಟ್ಟ ವಸ್ತು ಇತ್ತು. ಹೆಸರು 'ಫತಾಮ್'. ಮುತ್ತಿಗಾಗಿ ಮುಳುಗುವವನು ಮೂಗಿಗೆ ಸಿಕ್ಕಿಸಿಕೊಳ್ಳುತ್ತಿದ್ದುದು. ಪಕ್ಕದಲ್ಲಿ ಹಗ್ಗ ಕಟ್ಟಿದ ಒಂದು ಕಲ್ಲು ಮತ್ತು ಚಿಪ್ಪು ತುಂಬುವ ಬಲೆಬುಟ್ಟಿ. ಕಲ್ಲಿನ ಭಾರಕ್ಕೆ ಅವನು ಸರ್ರನೆ ತಳ ಸೇರುತ್ತಿದ್ದ. ಇನ್ನೊಂದು ಹಗ್ಗ ದೋಣಿಯಲ್ಲಿ ನಿಂತ ಜೊತೆಗಾರನ ಕೈಯಲ್ಲಿ. ಅದನ್ನು ಜಗ್ಗಿದರೆ ಅವನು ಮೇಲೆ ಎಳೆಯಬೇಕು. "ಮೂಗು ಹಿಡಿದು ಉಸಿರು ಕಟ್ಟಿ ನೋಡೋಣ" ಎಂದೆ. ಎಲ್ಲರಿಗಿಂತ ಹೆಚ್ಚು ತಡೆದವನು 35 ಸೆಕೆಂಡು. ಆ ಮನುಷ್ಯ ಒಂದು ನಿಮಿಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ನೀರಿನಡಿ ಇರುತ್ತಿದ್ದ. ಅದೂ ದಿನಕ್ಕೆ ಹತ್ತಾರು ಸಲ.

ಆ ದಿನ ಯಾರೂ ನಿದ್ದೆ ಮಾಡಲಿಲ್ಲ. ಕಡಲಲ್ಲಿ ಪೆಟ್ಟು ತಿಂದು ಕೈಲಾಗದೆ ಕುಳಿತ ಅಪ್ಪ, ಬೇಡವೆಂದರೂ ಕೇಳದೆ ಮುತ್ತಿನ ದೋಣಿ ಹತ್ತುವ ಮಗ, ದಡದಲ್ಲಿ ಕಾಯುವ ತಾಯಿ. ಮಗ ಮುಳುಗಿದಾಗ ನಮ್ಮ ಸಾಲಿನಲ್ಲಿ ಮೂರು ಮಕ್ಕಳು ತಾವೂ ಮೂಗು ಹಿಡಿದು ಕುಳಿತಿದ್ದರು. ಕೊನೆಯನ್ನು ಇಲ್ಲಿ ಹೇಳುವುದಿಲ್ಲ, ಚಿತ್ರ ಸಿಕ್ಕರೆ ನೀವೇ ನೋಡಿ.

ಉಪನ್ಯಾಸ ಸ್ವಲ್ಪ ಉದ್ದವಾಯಿತು ಎನ್ನಬೇಕು. ಆದರೆ ನಮ್ಮ ಹುಡುಗನೊಬ್ಬ ಎದ್ದು, "ಇಷ್ಟು ಸೆಕೆಯಲ್ಲಿ ಬೇಸಿಗೆಯಲ್ಲೇ ಏಕೆ ಹೋಗುತ್ತಿದ್ದರು?" ಎಂದು ಕೇಳಿದ್ದು ಚೆನ್ನಾಗಿತ್ತು. ಚಳಿಗಾಲದಲ್ಲಿ ನೀರು ತಣ್ಣಗೆ, ಹೆಚ್ಚು ಹೊತ್ತು ಮುಳುಗಿರಲು ಆಗದು. ಆದ್ದರಿಂದ ಸುಮಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಡಸರು ಕಡಲಲ್ಲೇ. ಹೊಟ್ಟೆ ತುಂಬಿದ್ದರೆ ಮುಳುಗಲಾಗದೆಂದು ಹಗಲಿಗೆ ಖರ್ಜೂರ, ಕಾಫಿ ಮಾತ್ರ. ನಾವು ಏ.ಸಿ. ಬಿಟ್ಟು ಕದಲದ ತಿಂಗಳುಗಳೇ ಅವರ ದುಡಿಮೆಯ ಕಾಲ. ಹೊರಡುವ ಮುನ್ನ ಮನೆಖರ್ಚಿಗೆ ಮುಂಗಡ ಸಾಲ ಪಡೆಯುತ್ತಿದ್ದರು. ಮುತ್ತು ಕಡಿಮೆ ಸಿಕ್ಕಿದರೆ ಸಾಲ ಮುಂದಿನ ವರ್ಷಕ್ಕೆ. ಕೊನೆಗೆ ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂತು, 1929ರ ಬಳಿಕ ಜಗತ್ತಿನ ಆರ್ಥಿಕ ಕುಸಿತವೂ ಸೇರಿ ಕಸುಬು ಸೊರಗಿತು. 1938ರಲ್ಲಿ ಇಲ್ಲಿ ಎಣ್ಣೆ ಸಿಕ್ಕಿ, 1946ರಲ್ಲಿ ರಫ್ತು ಶುರುವಾಯಿತು.

ಭಾಷೆಯ ಶಿಕ್ಷಕಿಯಾಗಿ ನನ್ನ ಕಿವಿ ಮಾತ್ರ ಪದಗಳ ಮೇಲೆ. 'ಬಸ್' ಎಂದರೆ ಸಾಕು, ನಾವೂ ಆಡುವ ಮಾತೇ. 'ಯಾ' ಎಂಬುದು ಕರೆಯುವ ಪದ, ನಮ್ಮ ಸಂಬೋಧನೆಯ 'ಏ' ಇದ್ದಂತೆ. 'ಬಹರ್' ಎಂದರೆ ಕಡಲು. ಮುತ್ತಿಗೆ ಅರಬ್ಬಿಯಲ್ಲಿ 'ಲೂಲೂ' (ಅಂಗಡಿಯ ಹೆಸರೆಂದಷ್ಟೇ ಗೊತ್ತಿತ್ತು, ಅಲ್ಲವೇ?). ಹಡಗಿನ ಯಜಮಾನ 'ನಾಖೋದಾ'. ಭಟ್ಕಳದ ಕಡೆ 'ನಾಖುದಾ' ಎಂಬ ಮನೆತನದ ಹೆಸರೇ ಇದೆ. ಕುವೈತ್‌ನ ಹಾಯಿಹಡಗುಗಳು ಖರ್ಜೂರ ಹೊತ್ತು ಮಂಗಳೂರಿಗೂ ಬಂದು, ಮರ, ಹೆಂಚು ತುಂಬಿಕೊಂಡು ಮರಳುತ್ತಿದ್ದವು. 1961ರಲ್ಲಿ ದಿನಾರ್ ಬರುವವರೆಗೆ ಇಲ್ಲಿ ನಡೆಯುತ್ತಿದ್ದುದೂ ರೂಪಾಯಿಯೇ.

ಮರಳುವಾಗ ಕಾರಿನಲ್ಲಿ ಎಲ್ಲರದೂ ಗದ್ದಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಕಿಟಕಿಯತ್ತ ನೋಡುತ್ತಾ, "ಮಿಸ್, ನಮ್ಮಪ್ಪನೂ ಇಲ್ಲಿಗೆ ಬರುವಾಗ ಸಾಲ ಮಾಡಿದ್ದರಂತೆ" ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಹೌದೇನಮ್ಮಾ" ಎಂದಷ್ಟೇ ಅಂದೆ.

ಈಗ ನಿಮಗೊಂದು ಕೆಲಸ. ಈ ಊರಿಗೆ ಬಂದ ಮೊದಲ ಬೇಸಿಗೆ ಹೇಗಿತ್ತೆಂದು ಅಪ್ಪನನ್ನೋ ಅಮ್ಮನನ್ನೋ ಕೇಳಿ, ಕನ್ನಡದಲ್ಲಿ ಒಂದು ಪುಟ ಬರೆದು ತನ್ನಿ. ಪಾಲಕರೇ, ದಯವಿಟ್ಟು ನೀವೇ ಬರೆದುಕೊಡಬೇಡಿ. ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ, ತಿದ್ದಲು ನಾನಿದ್ದೇನೆ.