‘ಶ್ಯಾಬಿ’ ಮತ್ತು ‘ಶಾಡಿ’: ಪದದ ತಪ್ಪಿಗೆ ತೆತ್ತ ಬೆಲೆ

ವ್ಯಾಪಾರದ ಪತ್ರಗಳಲ್ಲಿ ನಾವು ಬಳಸುವ ಇಂಗ್ಲಿಷ್ ಪದಗಳಿಗೂ ನಮ್ಮ ಲೆಕ್ಕಪುಸ್ತಕಕ್ಕೂ ನೇರವಾದ ಸಂಬಂಧವಿದೆ. ನಮ್ಮ ಕಚೇರಿಗೆ ಲೆಕ್ಕಪತ್ರ ಒಪ್ಪಿಸುವ ಸಣ್ಣ ತಯಾರಕರೊಬ್ಬರು ಹೊಸ ಯಂತ್ರಭಾಗಗಳನ್ನು ಹಳೆಯ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸಿದ್ದರು. ಗ್ರಾಹಕರು ಪೆಟ್ಟಿಗೆಗಳ ಸ್ಥಿತಿಯನ್ನು ಆಕ್ಷೇಪಿಸಿದಾಗ, ‘ಶಾಡಿ ಗೂಡ್ಸ್’ ಕಳುಹಿಸಿದ್ದಕ್ಕೆ ವಿಷಾದಿಸುತ್ತೇವೆಂದು ಇವರು ಉತ್ತರ ಬರೆದರು. ಬರೆಯಬೇಕಾಗಿದ್ದುದು ‘ಶ್ಯಾಬಿ ಪ್ಯಾಕಿಂಗ್’ ಎಂದು. ಗ್ರಾಹಕರು ಆ ಪತ್ರವನ್ನೇ ಮುಂದಿಟ್ಟು ಬಿಲ್ಲಿನ ಹಣವನ್ನು ಕಡಿತಗೊಳಿಸಿದರು. ಕೊನೆಗೆ ಅದರಲ್ಲಿ ಅರ್ಧವನ್ನು ವಸೂಲಾಗದ ಬಾಕಿಯೆಂದು ತೆಗೆದುಹಾಕಬೇಕಾಯಿತು.

‘ಶ್ಯಾಬಿ’ ಎಂದರೆ ಬಳಸಿ ಸವೆದು, ಅಥವಾ ಆರೈಕೆಯಿಲ್ಲದೆ ಅಂದಗೆಟ್ಟದ್ದು. ಗಾಯದ ಹಕ್ಕಳೆ ಎಂಬ ಅರ್ಥದ ‘ಶ್ಯಾಬ್’ ಎಂಬ ಹಳೆಯ ಪದ ಇದರ ಮೂಲ. ಮಾಸಿದ ಅಂಗಿ, ಬಣ್ಣ ಉದುರಿದ ಅಂಗಡಿ, ಅಂಚು ಹರಿದ ಲೆಡ್ಜರು ಇವೆಲ್ಲ ಶ್ಯಾಬಿ. ಇದು ತೋರಿಕೆಯನ್ನು ಕುರಿತ ಮಾತು. ಮೂಲ ತಯಾರಿಕೆ ಉತ್ತಮವಾಗಿಯೇ ಇರಬಹುದು. ನಡತೆಗೆ ಅನ್ವಯಿಸಿದಾಗ ಮಾತ್ರ ಅರ್ಥ ಬೇರೆ: ‘ಶ್ಯಾಬಿ ಟ್ರೀಟ್‌ಮೆಂಟ್’ ಎಂದರೆ ಅನ್ಯಾಯದ ವರ್ತನೆ.

‘ಶಾಡಿ’ ಮೂಲತಃ ತಯಾರಕರದೇ ಪದ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬ್ಯಾಟ್ಲಿಯಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬುವರು ಉಣ್ಣೆಯ ಹಳೆಯ ಚಿಂದಿಯನ್ನು ಬಿಡಿಸಿ, ಹೊಸ ಉಣ್ಣೆಯೊಡನೆ ಬೆರೆಸಿ ನೂಲು ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ಆ ಮರುಬಳಕೆಯ ಉಣ್ಣೆಗೆ ಶಾಡಿ ಎಂದು ಹೆಸರಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಇಂತಹ ಬಟ್ಟೆಯ ಸಮವಸ್ತ್ರಗಳು ಬೇಗನೆ ಹರಿದುಹೋದಾಗ, ಪದಕ್ಕೆ ‘ಕಳಪೆ ತಯಾರಿಕೆ’ ಎಂಬ ಅರ್ಥ ಬಲವಾಗಿ ಅಂಟಿತು. ಹರಿಯಾಣದ ಪಾಣಿಪತ್ತಿನಲ್ಲಿ ಇಂದಿಗೂ ಶಾಡಿ ನೂಲೆಂದರೆ ಕಂಬಳಿಗೆ ಬಳಸುವ ಸರಕು. ಅಲ್ಲಿ ಅದು ನಾಮಪದ, ನಿಂದೆಯಲ್ಲ. ವಿಶೇಷಣವಾದಾಗ ಅದು ಗುಣಮಟ್ಟದ ಮೇಲಿನ ಆರೋಪವೇ ಸರಿ.

ಈ ಭೇದಕ್ಕೆ ಕಾನೂನಿನ ತೂಕವೂ ಇದೆ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮಿನಂತೆ, ಆ ಬಗೆಯ ಸರಕಿನ ವ್ಯಾಪಾರಿಯು ವಿವರಣೆಯ ಮೇಲೆ ಮಾರಿದ ಸರಕು ಸಾಮಾನ್ಯವಾಗಿ ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಭರವಸೆಗೆ ಭಂಗ ಬಂದಲ್ಲಿ, 59ನೆಯ ಕಲಮಿನಂತೆ ಕೊಂಡವರು ಬೆಲೆಯಲ್ಲಿ ಕಡಿತ ಕೇಳಬಹುದು. ಮಾರಿದವರೇ ‘ಶಾಡಿ’ ಎಂದು ಬರೆದುಕೊಟ್ಟರೆ ಅದು ದೋಷದ ಒಪ್ಪಿಗೆಯಂತೆ ಕಾಣುತ್ತದೆ. ‘ಶ್ಯಾಬಿ ಪ್ಯಾಕಿಂಗ್’ ಎಂಬ ಮಾತು ಪೆಟ್ಟಿಗೆಗಷ್ಟೇ ಸೀಮಿತ. ಒಪ್ಪಂದದಲ್ಲಿ ಪ್ಯಾಕಿಂಗಿನ ಷರತ್ತಿದ್ದರೆ ಮಾತ್ರ ಅದೂ ತೊಡಕಾದೀತು.

ಆದುದರಿಂದ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಟ್ಟಿರುವುದು ತೋರಿಕೆಯೋ ತಯಾರಿಕೆಯೋ ಎಂದು ಕೇಳಿಕೊಳ್ಳಿರಿ. ಸಂಶಯವಿದ್ದಲ್ಲಿ ವಿಶೇಷಣವನ್ನೇ ಬಿಟ್ಟು ಸಂಗತಿಯನ್ನು ಬರೆಯಿರಿ: ‘ಮೂರು ಪೆಟ್ಟಿಗೆಗಳ ಹೊರಕವಚ ಹರಿದಿದೆ, ಒಳಗಿನ ಸರಕು ಸುಸ್ಥಿತಿಯಲ್ಲಿದೆ.’