ಒಳಗೆ ಬಣ್ಣ, ಹೊರಗೆ ನೀರು

ನಮ್ಮ ಚಿತ್ರದುರ್ಗ ಜಿಲ್ಲೆಯ ಕಡೆ ಮನೆಗೆ ಅಂಟಿಕೊಂಡ ಇಟ್ಟಿಗೆಯ ಶೆಡ್ಡನ್ನು ಕಾರಿಗೆಂದು ಕಟ್ಟಿಸಿದರೂ ಅದರೊಳಗೆ ಕಾರೊಂದೇ ಇರುವುದಿಲ್ಲ. ಹೊಳಲ್ಕೆರೆಯಲ್ಲಿ ಅಡಿಕೆ ಚೀಲ, ಹೊಸದುರ್ಗದಲ್ಲಿ ರಾಗಿ ಮೂಟೆ, ಹಿರಿಯೂರಿನಲ್ಲಿ ಬಿತ್ತನೆಯ ಶೇಂಗಾ ಅದೇ ಗೋಡೆಗೆ ಒರಗಿ ಕೂತಿರುತ್ತವೆ. ಹಾಗಾಗಿ ಶೆಡ್ಡಿನ ಗೋಡೆ ತೇವ ಹಿಡಿಯಿತೆಂದರೆ ಅಂದ ಕೆಟ್ಟಿತು ಅಂತಷ್ಟೇ ಅಲ್ಲ, ದುಡ್ಡು ಕೆಡುತ್ತಿದೆ ಅಂತ ಅರ್ಥ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಐವತ್ತು ಕಿಲೋದ ಹತ್ತು ಮೂಟೆಗೆ 24,430 ರೂಪಾಯಿ. ಖರೀದಿ ಕೇಂದ್ರದವರು ತೇವಾಂಶ ಶೇ 12 ದಾಟಿದ ಕಾಳನ್ನು ಒಪ್ಪುವುದಿಲ್ಲ. ಶೇಂಗಾಕ್ಕೆ ಬೂಷ್ಟು ಬಂದರಂತೂ ಅದು ಬೀಜಕ್ಕೂ ಇಲ್ಲ, ಬಾಯಿಗೂ ಇಲ್ಲ. ಇಷ್ಟಿದ್ದೂ ದೀಪಾವಳಿ ಬಂತೆಂದರೆ ಜನ ದುಡ್ಡು ಸುರಿಯುವುದು ಒಳಗೋಡೆಯ ವಾಟರ್‌ಪ್ರೂಫ್ ಬಣ್ಣಕ್ಕೆ. ನನ್ನ ಲೆಕ್ಕದಲ್ಲಿ ಮೊದಲ ರೂಪಾಯಿ ಹೋಗಬೇಕಾದದ್ದು ಹೊರಗಡೆ, ಗೋಡೆಯ ಬುಡಕ್ಕೆ.

ಕಾರಣ ಇಟ್ಟಿಗೆಯಲ್ಲೇ ಇದೆ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಸುಟ್ಟ ಇಟ್ಟಿಗೆ ತನ್ನ ತೂಕದ ಶೇ 20ರವರೆಗೆ ನೀರು ಹೀರಬಹುದು. ಮೂರು ಕಿಲೋದ ಇಟ್ಟಿಗೆಗೆ ಅರ್ಧ ಲೀಟರಿಗೂ ಮೇಲಾಯಿತು. ನೆಲದ ತೇವ ಹೀಗೆ ಒಂದೊಂದೇ ವರಸೆ ಹತ್ತಿಕೊಂಡು ಸುಮಾರು ಮೂರು ಅಡಿ ಏರುತ್ತದೆ. ಮನೆ ಕಟ್ಟುವಾಗ ಸೈಜುಗಲ್ಲಿನ ಪಾಯದ ಮೇಲೆ ಕಾಂಕ್ರೀಟಿನ ಬೆಲ್ಟ್ ಹಾಕುತ್ತಾರೆ, ಅದು ತಕ್ಕಮಟ್ಟಿಗೆ ತಡೆಯುತ್ತದೆ. ಶೆಡ್ಡು ಆಮೇಲೆ ಕಟ್ಟಿದ್ದು. ಖರ್ಚು ಉಳಿಸಲು ಬೆಲ್ಟ್ ಬಿಟ್ಟಿರುತ್ತಾರೆ, ಗಾಡಿ ಸಲೀಸಾಗಿ ಒಳಗೆ ಹತ್ತಲೆಂದು ನೆಲವನ್ನು ಅಂಗಳದ ಮಟ್ಟಕ್ಕೇ ಇಟ್ಟಿರುತ್ತಾರೆ. ಅಂಥ ಗೋಡೆಯ ಒಳಮೈಗೆ ಬಣ್ಣ ಬಳಿದು ಮುಚ್ಚಿದರೆ ಹೀರಿದ ನೀರು ಆರಲು ದಾರಿಯಿಲ್ಲದೆ ಇನ್ನಷ್ಟು ಮೇಲಕ್ಕೆ ಹೋಗುತ್ತದೆ. ನೀರಿನ ಜೊತೆ ಬಂದ ಉಪ್ಪು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಪೊರೆಯಂತೆ ಎಬ್ಬಿಸುತ್ತದೆ. ಹಿರಿಯೂರಿನ ಎರೆ ನೆಲದಲ್ಲಿ ಸವುಳು ಕಂಡವರಿಗೆ ಆ ಉಪ್ಪಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ವರ್ಷವರ್ಷ ಬಣ್ಣ ಹೊಡೆಸುವುದೆಂದರೆ ಅಸಲು ಮುಟ್ಟದೆ ಬಡ್ಡಿ ಕಟ್ಟಿಕೊಂಡು ಹೋದ ಹಾಗೆ.

ಅಸಲು ತೀರಿಸುವ ಕೆಲಸಕ್ಕೆ ಅಂಥ ಖರ್ಚೇನೂ ಇಲ್ಲ. ಗೋಡೆಗೆ ಒತ್ತರಿಸಿದ ಮಣ್ಣು, ಜಲ್ಲಿ, ಹೂವಿನ ಪಾತಿ ತೆಗೆದು ಹೊರಗಿನ ನೆಲವನ್ನು ಒಳನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿಸಬೇಕು; ಅಲ್ಲಿಂದ ಆಚೆಗೆ ಇಳಿಜಾರಾಗಿ ಎರಡಡಿ ಅಗಲ ಕಾಂಕ್ರೀಟು, ಅದರ ಅಂಚಿಗೆ ಚರಂಡಿ. ಸೂರಿನ ನೀರು ಬುಡಕ್ಕೆ ಬೀಳದಂತೆ ದೋಣಿ ಕಟ್ಟಿಸಬೇಕು. ಚಿತ್ರದುರ್ಗದಲ್ಲಿ ಪಡುವಣ ಗೋಡೆಯ ಹೊರಮೈಗೆ ಗಿಲಾವು ಬಿಡುವಂತಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಮಳೆಯನ್ನು ತಂದು ಆ ಗೋಡೆಗೆ ಬಡಿಯುವುದು. ಕೆಲಸ ಮುಗಿದ ಮೇಲೂ ಬಣ್ಣಕ್ಕೆ ಅವಸರ ಬೇಡ. ಗೋಡೆ ಆರುವುದು ತಿಂಗಳಿಗೆ ಒಂದು ಇಂಚು ಎಂಬುದು ಒಂದು ಅಂದಾಜು. ಒಂಬತ್ತಿಂಚಿನ ಗೋಡೆಗೆ ಬೇಸಿಗೆಯೂ ಸೇರಿ ಒಂಬತ್ತು ತಿಂಗಳು ಬೇಕೇ ಬೇಕು. ಗೋಡೆ ಕೊರೆದು ರಾಸಾಯನಿಕ ತುಂಬಿಸುವ ದುಬಾರಿ ಚಿಕಿತ್ಸೆಯ ಮಾತು ಅಷ್ಟಾದರೂ ಆರದಿದ್ದರೆ ಮಾತ್ರ.

ಬರದ ಜಿಲ್ಲೆಯಲ್ಲಿ ತೇವದ ಚಿಂತೆಯೇ ಎಂದು ನಗುವವರಿದ್ದಾರೆ. ಆದರೆ ಗೋಡೆ ವರ್ಷದ ಸರಾಸರಿ ಮಳೆಯನ್ನು ನೋಡುವುದಿಲ್ಲ, ತನ್ನ ಬುಡದಲ್ಲಿ ನಿಂತ ನೀರನ್ನಷ್ಟೇ ನೋಡುತ್ತದೆ. ಜೊತೆಗೆ ಕಾಲವೂ ಹಿಂದಿನಂತಿಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಒಣ ನೆಲವನ್ನು ನಂಬಿ ಬೆಲ್ಟ್ ಉಳಿಸಿದವರ ಲೆಕ್ಕ ಇಂಥ ವರ್ಷಗಳಲ್ಲಿ ತಪ್ಪುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಗೇವಿನದು. ಹಿರಿಯರು ರಾಗಿಯನ್ನು ನೆಲದೊಳಗೇ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಅದೇಕೆ ಕೆಡಲಿಲ್ಲ? ಅವರು ಹಗೇವು ತೋಡುತ್ತಿದ್ದದ್ದು ನೀರು ನಿಲ್ಲದ ಎತ್ತರದ ಗಟ್ಟಿ ನೆಲದಲ್ಲಿ, ಸುತ್ತಲೂ ಹುಲ್ಲು ಹೊದಿಸಿ, ಚೆನ್ನಾಗಿ ಒಣಗಿದ ಕಾಳು ತುಂಬಿ, ಬಾಯಿಯನ್ನು ಗಾಳಿಯಾಡದಂತೆ ಮುಚ್ಚುತ್ತಿದ್ದರು. ಒಳಗೆ ಉಸಿರಾಡುವ ಗಾಳಿ ಇಲ್ಲದ್ದರಿಂದಲೇ, ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದಿನಕ್ಕೆರಡು ಸಲ ಬಾಗಿಲು ತೆಗೆದು ಒದ್ದೆ ಟೈರು ನುಗ್ಗಿಸುವ ಶೆಡ್ಡಿಗೆ ಆ ಹೋಲಿಕೆ ಸಲ್ಲದು. ಜಾಗ ಆರಿಸುವಲ್ಲಿ ಅವರು ತೋರಿದ ಎಚ್ಚರವನ್ನು ಮಾತ್ರ ನಾವು ಕಾಂಪೌಂಡಿನ ಮೂಲೆಯಲ್ಲಿ ಶೆಡ್ಡು ಎಬ್ಬಿಸುವಾಗ ಮರೆತಿದ್ದೇವೆ.

ಮೂಟೆಯ ಕೆಳಗೆ ಹಲಗೆ ಹಾಕಿದರೆ ಸಾಲದೇ ಎಂದರೆ, ಹಾಕಲೇಬೇಕು, ಗೋಡೆಯಿಂದ ಒಂದೂವರೆ ಅಡಿ ಬಿಟ್ಟು. ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ, ಆದರೆ ಅದು ಮೂಟೆಯನ್ನು ನೆಲದಿಂದ ಬಿಡಿಸುತ್ತದೆಯೇ ಹೊರತು ಶೆಡ್ಡಿನ ಗಾಳಿಯ ತೇವದಿಂದಲ್ಲ. ಮಾಗಿಯ ಬೆಳಗಿನ ಜಾವ ಜಿಂಕ್ ಶೀಟಿನ ಅಡಿಯಿಂದ ತೊಟ್ಟಿಕ್ಕುವುದು ಆ ಗಾಳಿಯ ನೀರೇ. ಅದಕ್ಕೆ ಮದ್ದು ಎದುರುಬದುರು ಗೋಡೆಗಳಲ್ಲಿ ಗಾಳಿಕಿಂಡಿ. ಯಾವುದು ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಮೇಸ್ತ್ರಿಗೆ ಕೂಲಿ ಕೊಡಬೇಕಾಗಿಲ್ಲ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಒಳಗೋಡೆಗೆ ನಾಲ್ಕೂ ಕಡೆ ಟೇಪಿನಿಂದ ಬಿಗಿದು ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯದು, ಮುಂದೆ ಕಟ್ಟಿದರೆ ಗಾಳಿಯದು. ಇನ್ನು ಬರೀ ಕಾರು ನಿಲ್ಲಿಸುವವರಿಗೆ ಈ ಯಾವ ಖರ್ಚೂ ಬೇಡ. ನಾಲ್ಕು ಕಂಬ, ಮೇಲೊಂದು ಶೀಟು ಸಾಕು. ತೇವ ಹಿಡಿದ ಇಟ್ಟಿಗೆ ಕೋಣೆಗಿಂತ ಗಾಳಿಯಾಡುವ ಚಪ್ಪರದಲ್ಲೇ ಕಾರಿಗೆ ತುಕ್ಕು ಕಡಿಮೆ.