ಒಂದು ತಂಬಾಕಿಗೆ ಒಂದೇ ಪೈಪು: ಆರಿಸುವುದು ಹೇಗೆ?

ಬಬಲೇಶ್ವರದ ನಮ್ಮ ಹಳೆಯ ಮನೆಯ ಪಡಸಾಲೆಯ ಮಾಡದಲ್ಲಿ ಮುತ್ಯಾನ, ಅಂದರೆ ಅಜ್ಜನ, ಎರಡು ಮಣ್ಣಿನ ಚಿಲಿಮಿ ಇರುತ್ತಿದ್ದವು. ಒಂದು ಗೇಣುದ್ದದ್ದು, ಸಣ್ಣ ಬಾಯಿಯದು. ಇನ್ನೊಂದು ಗಿಡ್ಡ, ಅಗಲ ಬಾಯಿಯದು, ಗುಡಗುಡಿಯ ಮೇಲೆ ಕೂಡಿಸುವಂಥದ್ದು. ಮೊದಲನೆಯದಕ್ಕೆ ನಿಪ್ಪಾಣಿ ಕಡೆಯ ಒಣ ಎಲೆ, ಎರಡನೆಯದಕ್ಕೆ ಬೆಲ್ಲದ ಪಾಕ ಬೆರೆಸಿದ ಗುಡಾಕು. ಅದಲು ಬದಲು ಮಾಡಲು ಯಾರಿಗೂ ಬಿಡುತ್ತಿರಲಿಲ್ಲ. "ಎಲಿದ್ದು ಎಲಿಗೆ, ಬೆಲ್ಲದ್ದು ಬೆಲ್ಲಕ್ಕ. ಒಮ್ಮೆ ಬೆಲ್ಲ ಕುಡದ ಚಿಲಿಮಿ ಮತ್ತ ಎಲಿ ರುಚಿ ಕೊಡಾಂಗಿಲ್ಲೋ ತಮ್ಮಾ" ಅನ್ನುತ್ತಿದ್ದ. ಬ್ರಯರ್ ಎಂಬ ಕಟ್ಟಿಗೆಯ ಪೈಪು ಸೇದುವವರು ಇವತ್ತು ದುಡ್ಡು ಕಳೆದುಕೊಂಡು ಕಲಿಯುವ ಪಾಠವೂ ಇದೇ. ನಾನೂ ಹಾಗೇ ಕಲಿತೆ. ಮುಂಬೈಯಿಂದ ತರಿಸಿದ ಮೊದಲ ಪೈಪಿನಲ್ಲಿ ವೆನಿಲ್ಲಾ ಹಾಕಿದ ತಂಬಾಕು ಎರಡು ತಿಂಗಳು ಸೇದಿ, ಆಮೇಲೆ ಒಳ್ಳೆಯ ವರ್ಜೀನಿಯಾ ಎಲೆ ತುಂಬಿದರೆ ಪ್ರತಿ ದಮ್ಮಿನಲ್ಲೂ ಬಿಸ್ಕಿಟಿನ ವಾಸನೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಈ ಲೇಖನ ಹೊಸಬರನ್ನು ಚಟಕ್ಕೆ ಕರೆಯಲು ಬರೆದದ್ದಲ್ಲ. ಪೈಪಿನ ಹೊಗೆಯನ್ನು ಎದೆಗೆ ಎಳೆಯದಿದ್ದರೂ ಬಾಯಿ, ನಾಲಿಗೆ, ಗಂಟಲಿನ ಕ್ಯಾನ್ಸರ್ ಬರಬಹುದು. ಸೇದದಿರುವುದಕ್ಕಿಂತ ಸುರಕ್ಷಿತವಾದ ಪೈಪು ಯಾವುದೂ ಇಲ್ಲ. ಬಿಡಬೇಕೆನ್ನುವವರಿಗೆ ರಾಷ್ಟ್ರೀಯ ಸಹಾಯವಾಣಿ ಇದೆ, 1800-11-2356, ಕರೆಗೆ ದುಡ್ಡಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧವಿದೆ. ರಾಜ್ಯ ವಿಧಾನಮಂಡಲ 2024ರಲ್ಲಿ ಒಪ್ಪಿದ ತಿದ್ದುಪಡಿಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಹುಕ್ಕಾ ಬಾರ್ ನಡೆಸುವಂತಿಲ್ಲ. ಈಗಾಗಲೇ ಪೈಪು ಹಿಡಿದಿರುವ ಹಿರಿಯರಿಗೆ ಮತ್ತು ಅಜ್ಜನ ಪೈಪು ಕೈಗೆ ಬಂದು ಏನು ಮಾಡಬೇಕೆಂದು ತಿಳಿಯದವರಿಗೆ ಮುಂದಿನ ಮಾತು.

ಪೈಪಿನ ಕತೆಯಲ್ಲಿ ನಮ್ಮ ವಿಜಯಪುರಕ್ಕೆ, ಅಂದರೆ ಹಿಂದಿನ ಬಿಜಾಪುರಕ್ಕೆ, ದೊಡ್ಡ ಜಾಗವಿದೆ. ಅಕ್ಬರನ ದೂತ ಅಸದ್ ಬೇಗ್ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಬಂದದ್ದು 1604ರ ಹೊತ್ತಿಗೆ, ಸುಲ್ತಾನನ ಮಗಳನ್ನು ಶಾಹಜಾದಾ ದಾನಿಯಾಲನಿಗೆ ಮದುವೆ ಮಾಡಿಕೊಡಲು ಕರೆದೊಯ್ಯುವ ಕೆಲಸದ ಮೇಲೆ. ತಾನು ಎಲ್ಲೂ ಕಾಣದ ತಂಬಾಕನ್ನು ಅವನು ಕಂಡದ್ದು ಬಿಜಾಪುರದಲ್ಲಿ. ಬರೀ ಎಲೆ ಕಟ್ಟಿಕೊಂಡು ಅವನು ಆಗ್ರಾಕ್ಕೆ ಹೋಗಲಿಲ್ಲ. ಸುಮಾತ್ರಾದ ಅಚೀನ್‌ನಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ, ಬಾಯಿಗೆ ಯೆಮನ್ ದೇಶದ ಕೆಂಪು ಅಕೀಕಿನ ಕಲ್ಲು, ಹೊತ್ತಿಸಲು ಚಿನ್ನದ ಸಾಧನ, ಕೊಳವೆಯನ್ನು ಇಡಲು ಮಖಮಲ್ಲು ಹೊದಿಸಿದ ಬೆಳ್ಳಿಯ ನಳಿಕೆ, ಎಲ್ಲವನ್ನೂ ಜೋಡಿಸಿಕೊಂಡು ಬೆಳ್ಳಿ ತಟ್ಟೆಯಲ್ಲಿಟ್ಟು ಒಪ್ಪಿಸಿದ. ಅಕ್ಬರ್ ಎರಡು ಮೂರು ದಮ್ಮು ಎಳೆದ, ಹಕೀಮರು ತಡೆದರು. ಆದರೆ ಉಳಿದ ಎಲೆಯನ್ನು ಅಮೀರರು ಕೇಳಿ ಕೇಳಿ ಒಯ್ದರು. ಜಹಾಂಗೀರ್ 1617ರಲ್ಲಿ ನಿಷೇಧ ಹಾಕುವಷ್ಟು ಅದು ಹಬ್ಬಿತ್ತು.

ಅಸದ್ ಬೇಗನ ಆಯ್ಕೆಯಲ್ಲಿ ಒಂದು ಸರಿ, ಒಂದು ತಪ್ಪು ನನಗೆ ಕಾಣುತ್ತದೆ. ಮೂರು ಮೊಳದ ಕೊಳವೆ ಬರೀ ಶೃಂಗಾರವಲ್ಲ, ಹೊಗೆ ಅಷ್ಟು ದೂರ ಸಾಗುವಾಗ ತಣ್ಣಗಾಗುತ್ತದೆ. ಆದರೆ ಅವನು ತಂಬಾಕು ತುಂಬಿದ್ದು ಆದಿಲ್ ಶಾಹ ಕೊಟ್ಟ ಎಲೆಯಡಿಕೆಯ ಚೀಲದಲ್ಲಿ. ಲವಂಗ, ಕಾಚು, ಸುಣ್ಣ ಇಡುವ ಸಂಚಿಯಲ್ಲಿ ತಂಬಾಕು ಇಡಬೇಡಿ. ಅದು ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಕುಡಿದುಬಿಡುತ್ತದೆ.

ಮೊದಲು ಎಲೆ ಗೊತ್ತಿರಲಿ

ಬಹಳ ಜನ ಪೈಪಿನ ಚೆಂದ ನೋಡಿ ಕೊಳ್ಳುತ್ತಾರೆ, ಆಮೇಲೆ ತಂಬಾಕು ಹುಡುಕುತ್ತಾರೆ. ಅದು ತಿರುಗುಮುರುಗು. ನೀವು ಯಾವ ತಂಬಾಕು ಸೇದುತ್ತೀರಿ ಎಂಬುದು ಮೊದಲು ಗೊತ್ತಿರಬೇಕು.

ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ತಿಳಿಸುವುದು ಸುಲಭ. ಒಂದೇ ಹಣ್ಣನ್ನು ದ್ರಾವಣದಲ್ಲಿ ಅದ್ದಿ ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಒಣಗಿಸಿದರೆ ಹಸಿರು ಛಾಯೆಯ ಮಣೂಕ, ಬಿಸಿಲಿಗೆ ಹಾಕಿದರೆ ಕಂದು, ಗಂಧಕದ ಹೊಗೆ ಕೊಟ್ಟರೆ ಬಂಗಾರದ ಬಣ್ಣ. ತಾಸಗಾಂವ್, ಸಾಂಗ್ಲಿಯ ಸವಾಲಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬೆಲೆ. ತಂಬಾಕಿನ ಗುಣದಲ್ಲೂ ಅರ್ಧ ಪಾಲು ಒಣಗಿಸುವ ಬಗೆಯದು.

ವರ್ಜೀನಿಯಾ ಎಲೆಯನ್ನು ಮುಚ್ಚಿದ ಬ್ಯಾರನ್‌ನಲ್ಲಿ ಬಿಸಿಗಾಳಿಗೆ ಹದ ಮಾಡುತ್ತಾರೆ. ನಮ್ಮ ರಾಜ್ಯದ ಹುಣಸೂರು, ಪಿರಿಯಾಪಟ್ಟಣದಲ್ಲಿ ಬೆಳೆಯುವುದು ಇದನ್ನೇ. ಎಲೆಯ ಸಕ್ಕರೆ ಉಳಿದುಕೊಳ್ಳುವುದರಿಂದ ಹೊಗೆ ಸಿಹಿ, ಆದರೆ ಅವಸರದಲ್ಲಿ ಎಳೆದರೆ ನಾಲಿಗೆ ಸುಡುತ್ತದೆ. ಬರ್ಲಿ ಎಲೆಯನ್ನು ಗಾಳಿಗೆ ತೂಗುಹಾಕಿ ಒಣಗಿಸುವುದು. ಅದರಲ್ಲಿ ಸಕ್ಕರೆ ಕಡಿಮೆ, ಪರಿಮಳ ಹಾಕಿದರೆ ಅರಳೆಯಂತೆ ಹೀರಿಕೊಳ್ಳುತ್ತದೆ. ವೆನಿಲ್ಲಾ, ಚೆರ್ರಿ, ಚಾಕೊಲೇಟಿನ ಹೆಸರು ಹೊತ್ತ ಪರಿಮಳದ ಮಿಶ್ರಣಗಳಲ್ಲಿ ಇದೇ ಹೆಚ್ಚು. ಲಟಾಕಿಯಾ ಸಿರಿಯಾ ಮತ್ತು ಸೈಪ್ರಸ್ ಕಡೆಯದು, ಕಟ್ಟಿಗೆಯ ಹೊಗೆಯಲ್ಲಿ ಹದ ಮಾಡಿದ್ದು. ಡಬ್ಬಿ ತೆರೆದರೆ ಒಲೆಯ ಮುಂದೆ ಕೂತಂಥ ವಾಸನೆ. ಇನ್ನು ನಮ್ಮ ನಿಪ್ಪಾಣಿಯ ಎಲೆ ಬಿಸಿಲಿಗೆ ಒಣಗಿದ್ದು, ಬಹಳ ಖಾರ, ಬೀಡಿಗೆ ಹೇಳಿದ್ದು. ಅದನ್ನು ಬ್ರಯರ್ ಪೈಪಿಗೆ ತುಂಬಬೇಡಿ. ಅದಕ್ಕೆ ಮಣ್ಣಿನ ಚಿಲಿಮಿಯೇ ಸರಿ.

ವಾಸನೆ ಅಂಟಿಸುವುದರಲ್ಲಿ ಲಟಾಕಿಯಾ ಮತ್ತು ಪರಿಮಳದ ಮಿಶ್ರಣಗಳಷ್ಟು ಹಟಮಾರಿ ಬೇರೆ ಇಲ್ಲ. ಆದ್ದರಿಂದ ಎರಡೇ ಪೈಪು ಇಡುವ ಶಕ್ತಿ ಇದ್ದರೆ ಒಂದನ್ನು ಸಾದಾ ಎಲೆಗೆ ಮೀಸಲಿಡಿ, ಇನ್ನೊಂದನ್ನು ಈ ಎರಡರಲ್ಲಿ ನೀವು ಸೇದುವ ಒಂದಕ್ಕೆ. ಮೂರು ಬಗೆಯನ್ನೂ ಸೇದುವವರಿಗೆ ಮೂರು ಪೈಪು ಬೇಕೇ ಬೇಕು.

ಬಟ್ಟಲು ಯಾವುದರದು?

ಬ್ರಯರ್ ಅಂದರೆ ಮೆಡಿಟರೇನಿಯನ್ ದಡದಲ್ಲಿ ಬೆಳೆಯುವ ಒಂದು ಪೊದೆಯ ಬುಡದ ಗಂಟು. ಬೆಂಕಿಗೆ ಬೇಗ ಜಗ್ಗುವುದಿಲ್ಲ, ಎಣ್ಣೆ ಮತ್ತು ತೇವವನ್ನು ಹೀರುತ್ತದೆ. ಹೀರುವ ಗುಣದಿಂದಲೇ ಹೊಗೆ ಒಣಗಿ ತಂಪಾಗುತ್ತದೆ, ಹೀರುವ ಗುಣದಿಂದಲೇ ಹಳೆಯ ತಂಬಾಕು ಅದರಲ್ಲಿ ಮನೆ ಮಾಡುತ್ತದೆ. ಮೀಸಲು ಮಾಡುವ ಮಾತು ಮುಖ್ಯವಾಗಿ ಬ್ರಯರ್‌ಗೆ ಅನ್ವಯಿಸುತ್ತದೆ.

ಮೀರ್ಶಾಮ್ ಬಿಳಿಯ ಮೆತ್ತನೆಯ ಖನಿಜ. ಟರ್ಕಿಯ ಎಸ್ಕಿಶಹರ್ ಸುತ್ತ ಅಗೆದು ತೆಗೆಯುತ್ತಾರೆ. ಇದರಲ್ಲಿ ವಾಸನೆ ನಿಲ್ಲುವುದು ಬಹಳ ಕಡಿಮೆ. ಬಗೆಬಗೆಯ ಮಿಶ್ರಣ ರುಚಿ ನೋಡುವ ಸ್ವಭಾವದವರಿಗೆ ಒಂದೇ ಪೈಪು ಸಾಕೆಂದರೆ ಇದನ್ನೇ ಹೇಳುತ್ತೇನೆ. ಕೈಜಾರಿ ಗಚ್ಚಿನ ಮೇಲೆ ಬಿದ್ದರೆ ಮಾತ್ರ ಉಳಿಯದು.

ಗೋವಿನಜೋಳದ ದಿಂಡಿನ ಪೈಪು ಎಲ್ಲಕ್ಕಿಂತ ಅಗ್ಗ. ಅಮೆರಿಕದ ಮಿಸೂರಿ ರಾಜ್ಯದ ವಾಷಿಂಗ್ಟನ್ ಊರಿನಲ್ಲಿ 1869ರಿಂದ ಇದನ್ನು ಮಾಡುತ್ತಿದ್ದಾರೆ. ಬರ್ಲಿಗೂ ಪರಿಮಳದ ಹಸಿ ತಂಬಾಕಿಗೂ ಒಳ್ಳೆಯ ಜೋಡಿ. ವಾಸನೆ ಕುಡಿದು ಕೆಟ್ಟರೆ ಎಸೆದು ಇನ್ನೊಂದು ತರಬಹುದು. ಹೊಸ ತಂಬಾಕು ನಿಮಗೆ ಹಿಡಿಸುತ್ತದೋ ಇಲ್ಲವೋ ಎಂದು ಮೊದಲು ಇದರಲ್ಲಿ ನೋಡಿ, ಆಮೇಲೆ ಬ್ರಯರ್ ಕೊಳ್ಳಿ.

ಮಣ್ಣಿನ ಚಿಲಿಮಿಯ ಗುಣವೇ ಬೇರೆ. ಅದು ತನ್ನದೇನನ್ನೂ ಸೇರಿಸುವುದಿಲ್ಲ, ಎಲೆಯ ರುಚಿ ಇದ್ದಹಾಗೇ ಬರುತ್ತದೆ. ಮತ್ತೆ ಅದನ್ನು ಬೆಂಕಿಯಿಂದಲೇ ತೊಳೆಯಬಹುದು. ಮುತ್ಯಾ ತಿಂಗಳಿಗೊಮ್ಮೆ ಎಲೆಯ ಚಿಲಿಮಿಯನ್ನು ರಾತ್ರಿ ಅಡುಗೆ ಮುಗಿದ ಒಲೆಯ ಕೆಂಡದಲ್ಲಿ ಹೂತಿಡುತ್ತಿದ್ದ. ಒಳಗಿನ ಕರಿಯೆಲ್ಲ ಸುಟ್ಟು, ಬೆಳಿಗ್ಗೆ ಬೂದಿ ಕೆದರಿದರೆ ಕುಂಬಾರನ ಆವಿಗೆಯಿಂದ ಆಗಷ್ಟೇ ತೆಗೆದ ಹಾಗೆ ಕೆಂಪಗೆ ಸಿಗುತ್ತಿತ್ತು. ಕೆಂಡದಿಂದ ಎಳೆದ ಕೂಡಲೇ ನೀರಿಗೆ ಹಾಕಿದರೆ ಸೀಳುತ್ತದೆ, ಬೂದಿಯಲ್ಲೇ ಆರಬೇಕು. ಗುಡಾಕಿನದು ಮಾತ್ರ ಹೀಗೆ ಮುಗಿಯುತ್ತಿರಲಿಲ್ಲ. ಬೆಲ್ಲ ಕರಗಿ ಮಣ್ಣಿನ ರಂಧ್ರಕ್ಕೆ ಇಳಿದದ್ದು ಕಲ್ಲಾಗಿ ಕೂಡುತ್ತಿತ್ತು. ಆತ ಎರಡನ್ನು ಬೇರೆ ಇಟ್ಟದ್ದಕ್ಕೆ ಕಾರಣ ಅದೇ.

ಅಳತೆ ಹೊಂದಿಸುವುದು

ಸಾಧಾರಣ ಬಟ್ಟಲಿನ ಒಳ ಅಗಲ 18ರಿಂದ 22 ಮಿಲಿಮೀಟರ್, ಆಳ 30ರಿಂದ 40. ಒತ್ತಿ ಹಾಳೆಯಂತೆ ಮಾಡಿದ ವರ್ಜೀನಿಯಾಕ್ಕೆ ಕಿರಿದಾಗಿ ಆಳವಾದ ಬಟ್ಟಲು ಒಳ್ಳೆಯದು. ಕೆಂಡ ಸಣ್ಣದಾಗಿ ನಿಧಾನವಾಗಿ ಕೆಳಗಿಳಿಯುತ್ತದೆ, ಸಿಹಿ ಸುಟ್ಟುಹೋಗುವುದಿಲ್ಲ. ಲಟಾಕಿಯಾ ಇರುವ ಮಿಶ್ರಣಗಳಲ್ಲಿ ನಾಲ್ಕಾರು ಬಗೆಯ ಎಲೆ ಕೂಡಿರುತ್ತದೆ, ಅವೆಲ್ಲ ಒಟ್ಟಿಗೆ ಉರಿಯಲು ಅಗಲ ಬಾಯಿ ಬೇಕು. ಪರಿಮಳದ್ದು ಹಸಿಯಾಗಿರುವುದರಿಂದ ಬಟ್ಟಲಿನ ಗೋಡೆ ದಪ್ಪವಿರಲಿ, ಇಲ್ಲದಿದ್ದರೆ ಕೈ ಸುಡುತ್ತದೆ. ಇದು ಕಟ್ಟಲೆಯಲ್ಲ, ಬಹುಜನರ ರೂಢಿ. ನನ್ನ ನಾಲಿಗೆ ವರ್ಜೀನಿಯಾದ ಮಾತನ್ನು ಪೂರ್ತಿ ಒಪ್ಪುತ್ತದೆ, ಅಗಲ ಬಾಯಿಯ ಮಾತನ್ನು ಅರ್ಧ ಮಾತ್ರ.

ಕೈಯಲ್ಲಿ ಹಿಡಿದು ನೋಡುವುದು

ವಿಜಯಪುರದಲ್ಲಿ ಪೈಪು ಕೊಳ್ಳುವವರು ಸಾಮಾನ್ಯವಾಗಿ ಮುಂಬೈ, ಪುಣೆಯಿಂದ ತರಿಸುತ್ತಾರೆ, ಅಥವಾ ಹಿರಿಯರ ಹಳೆಯದು ಸಿಕ್ಕಿರುತ್ತದೆ. ಎರಡಕ್ಕೂ ಪರೀಕ್ಷೆ ಒಂದೇ. ಬೆಳಕಿಗೆ ಹಿಡಿದು ಬಟ್ಟಲಿನೊಳಗೆ ನೋಡಿ. ಹೊಗೆಯ ತೂತು ತಳದ ನಡುವಿಗೆ ಸರಿಯಾಗಿ ಬಂದಿರಬೇಕು. ಮೇಲೆ ಇದ್ದರೆ ತಳದಲ್ಲಿ ತಂಬಾಕು ಉರಿಯದೆ ಹಸಿಯಾಗಿ ಉಳಿದು ನಾರುತ್ತದೆ. ಪೈಪು ಸ್ವಚ್ಛ ಮಾಡುವ ತಂತಿಬತ್ತಿಯನ್ನು ಬಾಯಿತುದಿಯಿಂದ ತೂರಿಸಿ. ಎಲ್ಲೂ ತಡೆಯದೆ ಬಟ್ಟಲಿನ ತಳದಲ್ಲಿ ತಲೆ ತೋರಿಸಬೇಕು. ತಡೆದರೆ ನಾಳೆ ಅಲ್ಲೇ ನೀರು ನಿಂತು ಗೊರಗೊರ ಎನ್ನುತ್ತದೆ. ಖಾಲಿ ಪೈಪನ್ನು ಬಾಯಿಗಿಟ್ಟು ಉಸಿರು ಎಳೆಯಿರಿ, ಶ್ರಮವಿಲ್ಲದೆ ಬರಬೇಕು. ಹೊರಗಿನ ಬಣ್ಣ ಬಹಳ ದಪ್ಪವಿದ್ದರೆ ಕಟ್ಟಿಗೆಯ ಹೊಂಡಗಳನ್ನು ಪುಟ್ಟಿ ತುಂಬಿ ಮುಚ್ಚಿದ್ದಾರೆಯೇ ಎಂದು ಉಗುರಿನಲ್ಲಿ ತಡವಿ ನೋಡಿ. ಒಳಗೂ ಪುಟ್ಟಿ ಇದ್ದರೆ ಬೇಡವೇ ಬೇಡ.

ಹಳೆಯದಾದರೆ ಕೊನೆಯ ಪರೀಕ್ಷೆ ಮೂಗಿನದು. ತೊಳೆಯುವ ಮೊದಲು ಮೂಸಿ ನೋಡಿ. ಒಲೆಯ ಹೊಗೆಯ ವಾಸನೆಯೋ, ಸಿಹಿಯೋ, ಒಣ ಹುಲ್ಲಿನದೋ? ಅದು ಹಿಂದೆ ಯಾವ ತಂಬಾಕಿನ ಪೈಪಾಗಿತ್ತು ಎಂದು ತಿಳಿದರೆ ಅದಕ್ಕೇ ಮುಂದುವರಿಸುವುದು ಸುಲಭದ ದಾರಿ.

ಹದ ಮಾಡುವುದು, ಬಿಡುವು ಕೊಡುವುದು

ಹೊಸ ಬ್ರಯರ್‌ಗೆ ಮೊದಲ ಹತ್ತು ಸಲ ಅರ್ಧ ಬಟ್ಟಲು ಮಾತ್ರ ತುಂಬಿ, ಯಾವ ತಂಬಾಕಿಗೆ ಮೀಸಲಿಡುತ್ತೀರೋ ಅದನ್ನೇ. ಒಳಗೋಡೆಗೆ ಇದ್ದಿಲಿನ ತೆಳು ಪದರ ಕೂಡುತ್ತದೆ. ಅದು ಕಟ್ಟಿಗೆಗೆ ಕಾವಲು. ಒಂದು ರೂಪಾಯಿ ನಾಣ್ಯದಷ್ಟು, ಸುಮಾರು ಒಂದೂವರೆ ಮಿಲಿಮೀಟರ್ ದಪ್ಪವಾದರೆ ಸಾಕು. ಹೆಚ್ಚು ಬಿಟ್ಟರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಮೀರ್ಶಾಮ್‌ನಲ್ಲಿ ಪದರ ಕೂಡಲೇಬಾರದು, ಪ್ರತಿ ಸಲ ಮೆತ್ತನೆಯ ಕಾಗದದಿಂದ ಒರಸಿ. ಒಮ್ಮೆ ಸೇದಿದ ಬ್ರಯರ್ ಒಂದು ದಿನವಾದರೂ ಆರಬೇಕು. ಪೈಪು ಬಿಸಿ ಇರುವಾಗ ಕೊಳವೆ ತಿರುವಿ ಬಿಚ್ಚಬೇಡಿ, ಮುರಿಯುತ್ತದೆ.

ಪೈಪನ್ನು ಬೇರೆ ತಂಬಾಕಿಗೆ ಬದಲಿಸಲೇಬೇಕೆಂದರೆ ಹತ್ತಿ ಬೆಳೆಯುವ ನಮ್ಮ ನಾಡಿನವರಿಗೆ ಉಪಾಯ ಮನೆಯಲ್ಲೇ ಇದೆ. ಹಳೆಯ ಪದರವನ್ನು ಮೆಲ್ಲಗೆ ಕೆರೆದು, ಬಟ್ಟಲಿಗೆ ಅರಳೆ ತುಂಬಿ, ಅದು ತೊಯ್ಯುವಷ್ಟು ಮಾತ್ರ ರಮ್ಮು ಅಥವಾ ವೋಡ್ಕಾ ಹನಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅರಳೆ ಚಹದ ಬಣ್ಣಕ್ಕೆ ತಿರುಗಿರುತ್ತದೆ. ಅರಳೆ ಬೆಳ್ಳಗೇ ಉಳಿಯುವವರೆಗೆ ಎರಡು ಮೂರು ರಾತ್ರಿ ಹೀಗೇ ಮಾಡಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗದೆ ಬೆಂಕಿ ತಾಗಿಸಬೇಡಿ. ಪಾಲಿಶ್ ಮಾಡುವ ಸ್ಪಿರಿಟ್ಟು, ಔಷಧ ಅಂಗಡಿಯ ಸ್ಪಿರಿಟ್ಟು ಮುಟ್ಟಲೇಬೇಡಿ, ಅದು ವಿಷ. ಕೆಲವರು ಅರಳೆಯ ಬದಲು ಉಪ್ಪು ತುಂಬುತ್ತಾರೆ. ಉಪ್ಪು ಕೊಳವೆಯ ಸಂದಿಗೆ ಇಳಿದರೆ ಕಟ್ಟಿಗೆ ಬಿರಿಯುತ್ತದೆ, ನನಗೆ ಒಪ್ಪಿಗೆಯಿಲ್ಲ. ನನ್ನ ಆ ವೆನಿಲ್ಲಾ ಪೈಪು ಐದು ರಾತ್ರಿ ತೆಗೆದುಕೊಂಡಿತು.

ಕಡೆಯದು ನಮ್ಮ ಹವೆಯ ಮಾತು. ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ, ಮಣೂಕ ಮಾಡಲು ಹೇಳಿಮಾಡಿಸಿದ ಒಣಗಾಳಿ ತಂಬಾಕನ್ನು ಎರಡು ದಿನದಲ್ಲಿ ಪುಡಿ ಮಾಡುತ್ತದೆ. ಪುಡಿ ತಂಬಾಕು ಬಿಸಿಯಾಗಿ ಉರಿದು ಪೈಪನ್ನೂ ನಾಲಿಗೆಯನ್ನೂ ಸುಡುತ್ತದೆ. ಒಂದೊಂದು ಬಗೆಗೆ ಒಂದೊಂದು ಗಾಜಿನ ಬರಣಿ ಇಡಿ, ಮುಚ್ಚಳ ಬಿಗಿಯಾಗಿರಲಿ, ಹೆಸರು ಬರೆದು ಅಂಟಿಸಿ. ಶೆಡ್ಡಿನಲ್ಲಿ ಮಣೂಕ ಒತ್ತಿ ಹದ ನೋಡುವ ಹಾಗೆ ಚಿಟಿಕೆ ತಂಬಾಕನ್ನು ಎರಡು ಬೆರಳಲ್ಲಿ ಒತ್ತಿ ಬಿಡಿ. ಮೆಲ್ಲಗೆ ಅರಳಿ ಬಿಚ್ಚಿಕೊಂಡರೆ ಹದ ಸರಿ. ಮುದ್ದೆಯಾಗಿ ನಿಂತರೆ ಕಾಗದದ ಮೇಲೆ ಕಾಲು ಗಂಟೆ ಹರಡಿ. ಪುಡಿಯಾದರೆ ಬೋಗುಣಿಯಲ್ಲಿ ಹಾಕಿ, ಹಿಂಡಿದ ಒದ್ದೆ ಬಟ್ಟೆಯನ್ನು ತಂಬಾಕಿಗೆ ತಾಗದಂತೆ ಬಾಯಿಗೆ ಕಟ್ಟಿ ಒಂದೆರಡು ತಾಸು ಬಿಡಿ. ಬಟ್ಟೆಗೆ ಸಾಬೂನಿನ ವಾಸನೆ ಇರಬಾರದು.